ನಗುವೂ ಹಲ್ಲುಗಿಂಜುವುದೂ

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಗಾದೆಯನ್ನು ನಾವು ಮನುಷ್ಯರ ಮೋಸಕ್ಕೆ ಬಳಸುತ್ತೇವೆ. ಅದನ್ನು ಕೋತಿಯ ಮೇಲೆಯೇ ಇಟ್ಟು ನೋಡಿದರೆ ಹಳೆಯದೊಂದು ಪ್ರಶ್ನೆ ಏಳುತ್ತದೆ. ಮೇಕೆಗೆ ಬೀಳುವ ಏಟು ನೋಡಿ ಕೋತಿ ಒಳಗೊಳಗೇ ನಕ್ಕಿತೆ? ಪ್ರಾಣಿಗಳಿಗೆ ಹಾಸ್ಯಪ್ರಜ್ಞೆ ಉಂಟೆ?

ಉಂಟು ಎಂದವನು ಡಾರ್ವಿನ್. ‘ದಿ ಡಿಸೆಂಟ್ ಆಫ್ ಮ್ಯಾನ್’ ಗ್ರಂಥದ 1874ರ ಆವೃತ್ತಿಯಲ್ಲಿ ಅವನು ನಾಯಿಯ ಉದಾಹರಣೆ ಕೊಡುತ್ತಾನೆ. ನಾಯಿ ಕೋಲು ಕಚ್ಚಿಕೊಂಡು ಹೋಗಿ ಕೂರುತ್ತದೆ, ಯಜಮಾನ ಹತ್ತಿರ ಬರುವವರೆಗೂ ಕಾಯುತ್ತದೆ, ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಎತ್ತಿಕೊಂಡು ಓಡುತ್ತದೆ. ಇದು ಬರೀ ಆಟವಲ್ಲ, ತಮಾಷೆ ಎಂಬುದು ಅವನ ವಾದ. ಇಪ್ಪತ್ತು ವರ್ಷಗಳ ನಂತರ, 1894ರಲ್ಲಿ, ಲಾಯ್ಡ್ ಮಾರ್ಗನ್ ಕಡಿವಾಣ ಹಾಕಿದ. ಸರಳ ಕಾರಣ ಸಾಕಾಗುವಲ್ಲಿ ಪ್ರಾಣಿಗೆ ದೊಡ್ಡ ಬುದ್ಧಿಯನ್ನು ಆರೋಪಿಸಬೇಡಿ ಎಂದ. ಆಮೇಲೆ ಬಹುಕಾಲ ಪ್ರಯೋಗಶಾಲೆಗಳಲ್ಲಿ ಈ ಪ್ರಶ್ನೆ ಎತ್ತುವುದೇ ಹಾಸ್ಯಾಸ್ಪದವಾಯಿತು.

1972ರಲ್ಲಿ ಡಚ್ ವಿಜ್ಞಾನಿ ಯಾನ್ ವಾನ್ ಹೂಫ್ ವಾನರಗಳ ಮುಖಭಾವಗಳನ್ನು ವಿಂಗಡಿಸಿದರು. ಬಾಯಿಯನ್ನು ಸಡಿಲವಾಗಿ ತೆರೆದ ಮುಖ ಆಟದ್ದು. ನಮ್ಮ ನಗೆಯ ಬೇರು ಅಲ್ಲಿದೆ. ಸದ್ದಿಲ್ಲದೆ ಹಲ್ಲು ತೋರಿಸುವ ಮುಖ ಬೇರೆ. ಮಕಾಕ್ ಜಾತಿಯ ಕೋತಿಗಳಲ್ಲಿ ಅದು ಹೆಚ್ಚಾಗಿ ಅಂಜಿಕೆಯ, ಶರಣಾಗತಿಯ ಗುರುತು. ಕನ್ನಡಕ್ಕೆ ಈ ವ್ಯತ್ಯಾಸ ಮೊದಲೇ ಗೊತ್ತಿತ್ತು. ದೊಡ್ಡವರ ಮುಂದೆ ದೈನ್ಯದಿಂದ ನಿಲ್ಲುವವನನ್ನು ನಾವು ‘ನಕ್ಕ’ ಎನ್ನುವುದಿಲ್ಲ, ‘ಹಲ್ಲುಗಿಂಜಿದ’ ಎನ್ನುತ್ತೇವೆ.

ನಾನಿರುವ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಈ ವ್ಯತ್ಯಾಸ ದಿನನಿತ್ಯದ ವಿಷಯ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಇದನ್ನು ಕಟ್ಟತೊಡಗಿತು. ಪಶ್ಚಿಮಕ್ಕೆ ಬನ್ನೇರುಘಟ್ಟದ ಕಾಡು. ದಕ್ಷಿಣ ಭಾರತದಲ್ಲಿ ಮಾತ್ರ ಇರುವ ಬಾನೆಟ್ ಮಕಾಕ್ ಕೋತಿಗಳು ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗೂ ಬರುತ್ತವೆ. ಮೂಲೆಗೆ ಸಿಕ್ಕಿಬಿದ್ದ ಕೋತಿ ಹಲ್ಲು ಬಿಟ್ಟರೆ ಮೊಬೈಲುಗಳು ಮೇಲೇಳುತ್ತವೆ: “ನೋಡು, ನಗ್ತಾ ಇದೆ!” ಅದು ಹೆದರಿದೆ. ಮಕ್ಕಳು ಇನ್ನಷ್ಟು ಹತ್ತಿರ ಹೋಗುತ್ತಾರೆ, ಅದು ಕಚ್ಚುತ್ತದೆ, ಮರುದಿನ ಕೋತಿ ಹಿಡಿಯುವವರಿಗೆ ಫೋನ್ ಹೋಗುತ್ತದೆ.

ನಾವು ಕಪಿಚೇಷ್ಟೆ ಎನ್ನುವುದರಲ್ಲಿ ಎಷ್ಟೋ ಚೇಷ್ಟೆಯೇ ಅಲ್ಲ. ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್‌ನ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಬಂಡೀಪುರದ ಬಾನೆಟ್ ಮಕಾಕ್‌ಗಳನ್ನು ಗಮನಿಸಿ 2018ರಲ್ಲಿ ಬರೆದರು. ಅಲ್ಲಿನ ಕೆಲವು ಕೋತಿಗಳು ಪ್ರವಾಸಿಗರತ್ತ ಕೂಗಿ, ಕೈ ಚಾಚಿ, ಉದ್ದೇಶಪೂರ್ವಕವಾಗಿ ತಿಂಡಿ ಕೇಳುತ್ತವೆ. ನಮಗೆ ನಗು ತರಿಸುವ ಆ ಕೈ ತಮಾಷೆಗಾಗಿ ಚಾಚಿದ್ದಲ್ಲ.

ಹಾಗಾದರೆ ಹಾಸ್ಯ? ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಒರಾಂಗುಟಾನ್‌ಗಳ 75 ಗಂಟೆಗಳ ವಿಡಿಯೊ ನೋಡಿದ ಸಂಶೋಧಕರು 2024ರಲ್ಲಿ ಪ್ರಕಟಿಸಿದ್ದು ಇದು: ಇವು ಕೊಡುವಂತೆ ಮಾಡಿ ಹಿಂದಕ್ಕೆ ಎಳೆದುಕೊಳ್ಳುತ್ತವೆ, ಕೂದಲು ಜಗ್ಗುತ್ತವೆ, ಆಮೇಲೆ ಎದುರಿನವರ ಮುಖ ನೋಡುತ್ತವೆ. ಡಾರ್ವಿನ್ನನ ನಾಯಿಯನ್ನು ನೆನಪಿಸುವ ಕೀಟಲೆ. ಎದುರಿನವರು ಏನು ನಿರೀಕ್ಷಿಸುತ್ತಾರೆ ಎಂಬ ಅಂದಾಜಿಲ್ಲದೆ ಕೀಟಲೆ ಸಾಧ್ಯವಿಲ್ಲ; ಹಾಸ್ಯದ ಮೊದಲ ಮೆಟ್ಟಿಲು ಇದೇ ಎಂದು ನನಗನ್ನಿಸುತ್ತದೆ.

ಪ್ರಾಣಿಗೆ ಹಾಸ್ಯಪ್ರಜ್ಞೆ ಇದ್ದರೆ ಅದನ್ನು ಅದರ ಬಳಗದೊಳಗಿನ ಆಟದಲ್ಲಿ, ಮರಿಗಳು ಒಂದರ ಬಾಲ ಇನ್ನೊಂದು ಎಳೆಯುವಲ್ಲಿ ಹುಡುಕಬೇಕು. ಬಾಲ್ಕನಿಯ ಮೂಲೆಯಲ್ಲಿ ನಮ್ಮೆದುರು ಹಲ್ಲು ಬಿಟ್ಟು ನಿಂತ ಕೋತಿಯಲ್ಲಿ ಅಲ್ಲ. ಅದಕ್ಕೆ ಆಗ ಬೇಕಾಗಿರುವುದು ನಾವು ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಡುವುದು.