ಪರದೆಯ ಮೇಲಿನ ಪಾಠ: ಯಾರ ಪ್ರತಿ, ಯಾವ ಮುದ್ರಣ?

ಕಳೆದ ವರ್ಷ ನನ್ನ ಬಳಿಗೆ ಮೌಲ್ಯಮಾಪನಕ್ಕೆ ಬಂದ ಒಂದು ಎಂ.ಎ. ಕಿರುಪ್ರಬಂಧದಲ್ಲಿ ಎಮಿಲಿ ಡಿಕಿನ್ಸನ್ ಕುರಿತ ಅಧ್ಯಾಯವಿತ್ತು. ಸಾವು ಗಾಡಿ ತಂದು ನಿಲ್ಲಿಸಿ, ಬಹಳ ಸೌಜನ್ಯದಿಂದ ಹತ್ತಿಸಿಕೊಂಡು ಹೋಗುವ ಆ ಪ್ರಸಿದ್ಧ ಪದ್ಯವನ್ನು ವಿದ್ಯಾರ್ಥಿನಿ ಸಾಲುಸಾಲಾಗಿ ಬಿಡಿಸಿದ್ದಳು. ಅಲ್ಪವಿರಾಮ ಎಲ್ಲಿ ಬಂದಿದೆ, ಅರ್ಧವಿರಾಮ ಎಲ್ಲಿ ಬಂದಿದೆ, ಸಾವಿನ ಎದುರು ಕವಯಿತ್ರಿ ಕಾಯ್ದುಕೊಂಡ ಸಂಯಮ ಈ ಚಿಹ್ನೆಗಳಲ್ಲೇ ಹೇಗೆ ಕಾಣುತ್ತದೆ ಎಂಬುದು ಅವಳ ವಾದ. ಓದು ಸೂಕ್ಷ್ಮವಾಗಿತ್ತು, ಬರವಣಿಗೆ ಅಚ್ಚುಕಟ್ಟಾಗಿತ್ತು. ತೊಡಕು ಒಂದೇ: ಆ ಅಲ್ಪವಿರಾಮಗಳನ್ನು ಹಾಕಿದವಳು ಡಿಕಿನ್ಸನ್ ಅಲ್ಲ.

ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ ಅವಳ ಪದ್ಯಗಳಲ್ಲಿ ಅಚ್ಚಾಗಿದ್ದವು ಹತ್ತರ ಆಸುಪಾಸು. ಉಳಿದ ಸುಮಾರು 1,800 ಪದ್ಯಗಳು ಕೈಯಲ್ಲಿ ಹೊಲಿದ ಪುಟ್ಟ ಕಟ್ಟುಗಳಲ್ಲಿ, ಬಿಡಿ ಹಾಳೆಗಳಲ್ಲಿ, ಲಕೋಟೆಗಳ ಬೆನ್ನ ಮೇಲೆ ಉಳಿದಿದ್ದವು. 1890ರಲ್ಲಿ ಮೇಬಲ್ ಲೂಮಿಸ್ ಟಾಡ್ ಮತ್ತು ಥಾಮಸ್ ವೆಂಟ್‌ವರ್ತ್ ಹಿಗಿನ್‌ಸನ್ ಮೊದಲ ಸಂಕಲನ ತಂದರು. ಆ ಕಾಲದ ಓದುಗರಿಗೆ ಒರಟಾಗಿ ಕಂಡೀತೆಂದು ಅವಳ ಉದ್ದ ಗೆರೆಗಳನ್ನು ತೆಗೆದು ಅಲ್ಪವಿರಾಮ, ಅರ್ಧವಿರಾಮ ಹಾಕಿದರು. ವಾಕ್ಯದ ನಡುವಿನ ದೊಡ್ಡಕ್ಷರಗಳನ್ನು ಇಳಿಸಿದರು. ಅವಳು ಹೆಸರಿಡದ ಪದ್ಯಗಳಿಗೆ ಹೆಸರಿಟ್ಟರು. ಗಾಡಿಯ ಪದ್ಯಕ್ಕೆ ‘ದಿ ಚಾರಿಯಟ್’ ಎಂಬ ಹೆಸರು ಬಂದದ್ದು ಹಾಗೆ. ಅದಕ್ಕಿಂತ ಹೆಚ್ಚಿನದೂ ನಡೆಯಿತು. ಹಸ್ತಪ್ರತಿಯಲ್ಲಿ ಆರು ಚರಣಗಳಿರುವ ಪದ್ಯ ಪುಸ್ತಕದಲ್ಲಿ ಐದಕ್ಕೆ ಇಳಿಯಿತು. ನಾಲ್ಕನೆಯದು, ಅಂದರೆ ಚಳಿ ಮೈಗೆ ತಾಗುವ ಚರಣ, ಹೋಗಿಬಿಟ್ಟಿತು. ಅದರ ಮುಂದಿನ ಚರಣದಲ್ಲಿ ಅವಳು ಪ್ರಾಸದ ಜಾಗದಲ್ಲಿ ‘ಗ್ರೌಂಡ್’ ಎಂಬ ಒಂದೇ ಪದವನ್ನು ಎರಡು ಸಲ ಇಟ್ಟಿದ್ದಳು. ಸಂಪಾದಕರು ಎರಡನೆಯದನ್ನು ‘ಮೌಂಡ್’ ಮಾಡಿ ಸಾಲನ್ನು ಸರಿಪಡಿಸಿದರು. ನೆಲಕ್ಕೆ ನೆಲವೇ ಪ್ರಾಸವಾಗುವ ಆ ಮಂಕು ದನಿ, ಗೋರಿಯ ಮುಂದೆ ಮಾತು ಅಲ್ಲಲ್ಲೇ ಸುತ್ತುವ ಬಗೆ, ಹೀಗೆ ಅಳಿಸಿಹೋಯಿತು.

ವಿದ್ಯಾರ್ಥಿನಿ ಓದಿದ್ದು ಈ ಐದು ಚರಣಗಳ ಪಾಠವನ್ನು. ಅಡಿಟಿಪ್ಪಣಿಯಲ್ಲಿ ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂದಷ್ಟೇ ಬರೆದಿದ್ದಳು. ಅವಳನ್ನು ದೂರಲಾರೆ. ಅಲ್ಲಿ ಸಿಗುವ ಡಿಕಿನ್ಸನ್ ಸಂಕಲನ ಆ ಮೊದಲ ಸಂಕಲನವೂ ಸೇರಿ 1890ರ ದಶಕದಲ್ಲಿ ಬಂದ ಮೂರು ಸರಣಿಗಳದೇ ಒಟ್ಟುಗೂಡಿಕೆ. ಗೆರೆಗಳನ್ನೂ ದೊಡ್ಡಕ್ಷರಗಳನ್ನೂ ಮರಳಿ ತಂದ ಥಾಮಸ್ ಜಾನ್‌ಸನ್‌ರ ಆವೃತ್ತಿ ಅಚ್ಚಾದದ್ದು 1955ರಲ್ಲಿ, ಆರ್. ಡಬ್ಲ್ಯು. ಫ್ರಾಂಕ್ಲಿನ್‌ರದು 1998ರಲ್ಲಿ. ಎರಡರ ಹಕ್ಕೂ ಹಾರ್ವರ್ಡ್‌ನಲ್ಲಿದೆ. ಹಾಗಾಗಿ ಪುಕ್ಕಟೆಯಾಗಿ ಸಾವಿರಾರು ತಾಣಗಳಲ್ಲಿ ಹರಡಿರುವುದು ವಿದ್ವಾಂಸರು ಎಂದೋ ಕೈಬಿಟ್ಟ ಪಾಠ. ಅವರು ಒಪ್ಪಿದ ಪಾಠ ಬೀಗದೊಳಗೆ.

ಈ ಟಿಪ್ಪಣಿ ಹುಟ್ಟಿದ್ದು ಆ ಪ್ರಬಂಧದ ಅಂಚಿನಲ್ಲಿ ನಾನು ಪೆನ್ಸಿಲ್‌ನಲ್ಲಿ ಗೀಚಿದ ಪ್ರಶ್ನೆಯಿಂದ: ಯಾವ ಪಾಠ? ಪಂಪನನ್ನೋ ಕುಮಾರವ್ಯಾಸನನ್ನೋ ಓದುವಾಗ ನಮ್ಮ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮರೆಯುವುದಿಲ್ಲ. ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಕೈತಪ್ಪು ಎಂಬ ಮಾತುಗಳು ಡಿ. ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪುಸ್ತಕದಿಂದ ತರಗತಿಗೆ ಇಳಿದು ಎಷ್ಟೋ ಕಾಲವಾಯಿತು. ಇಂಗ್ಲಿಷ್ ವಿಭಾಗದ ಬಾಗಿಲು ದಾಟಿದೊಡನೆ ಆ ಎಚ್ಚರ ಹೊರಗೇ ಉಳಿಯುತ್ತದೆ. ಅಚ್ಚಾದದ್ದು, ಅದರಲ್ಲೂ ಪರದೆಯ ಮೇಲೆ ಮೂಡಿದ್ದು, ಒಂದೇ ರೂಪದಲ್ಲಿ ಇರುತ್ತದೆಂದು ನಾವು ನಂಬಿಬಿಟ್ಟಿದ್ದೇವೆ.

ಗುಟೆನ್‌ಬರ್ಗ್ ಯೋಜನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1971ರ ಜುಲೈ 4ರಂದು ಇಲಿನಾಯ್ ವಿಶ್ವವಿದ್ಯಾಲಯದ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಮೈಕೆಲ್ ಹಾರ್ಟ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಟೈಪು ಮಾಡಿದಲ್ಲಿಂದ ಇಂದು 70,000ಕ್ಕೂ ಹೆಚ್ಚು ಪುಸ್ತಕಗಳಿಗೆ ಬೆಳೆದ ಕೆಲಸ ಅದು. ಹಳ್ಳಿಯ ಕಾಲೇಜಿನ ಹುಡುಗನಿಗೆ ಜಾರ್ಜ್ ಎಲಿಯಟ್‌ಳ ಇಡೀ ಕಾದಂಬರಿ ಫೋನಿನಲ್ಲಿ ಸಿಕ್ಕುವುದು ಸಣ್ಣ ಮಾತಲ್ಲ. 2000ದಲ್ಲಿ ‘ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್’ ಶುರುವಾದ ಮೇಲೆ ಸ್ವಯಂಸೇವಕರು ಪುಟದ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪುಟ ತಿದ್ದುತ್ತಾರೆ, ಮೂಲ ಮುದ್ರಣದ ಶೀರ್ಷಿಕೆಪುಟವನ್ನೂ ಉಳಿಸುತ್ತಾರೆ. ಅದಕ್ಕೆ ಹಿಂದಿನ ಕಡತಗಳದೇ ಕಷ್ಟ. ಅವುಗಳಲ್ಲಿ ಎಷ್ಟೋ ಕಡೆ ಯಾವ ವರ್ಷದ, ಯಾವ ಪ್ರಕಾಶಕರ ಪ್ರತಿ ಎಂಬುದೇ ಇಲ್ಲ. ಹಾರ್ಟ್‌ಗೆ ಬೇಕಿದ್ದದ್ದು ಸಾಮಾನ್ಯ ಓದುಗ, ಪಾಠಸಂಪಾದಕ ಅಲ್ಲ. ಆ ಕಡತಗಳನ್ನೇ ಬೇರೆ ತಾಣಗಳು ನಕಲಿಸಿಕೊಂಡಿವೆ, ನಕಲಿಸುವಾಗ ಇದ್ದ ಅಲ್ಪಸ್ವಲ್ಪ ತಲೆಬರಹವನ್ನೂ ಕಿತ್ತಿವೆ.

ನಾನೇ ಎಡವಿದ ಒಂದು ಪ್ರಸಂಗ ಹೇಳಬೇಕು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಪಾಠ ಮಾಡುತ್ತ, ಎಲಿಜಬೆತ್ ವಿಕ್ಟರನ ಸೋದರತ್ತೆಯ ಮಗಳು, ಆ ಮದುವೆಯ ಮಾತಿನಲ್ಲಿ ರಕ್ತಸಂಬಂಧದ ಕಸಿವಿಸಿ ಇದೆ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ, “ಇಲ್ಲ ಸರ್, ಅವಳು ಅನಾಥೆ. ಬಡವರ ಮನೆಯಿಂದ ತಂದು ಸಾಕಿದ್ದು. ಇಲ್ಲೇ ಇದೆ ನೋಡಿ” ಎಂದು ಫೋನು ಎತ್ತಿ ತೋರಿಸಿದ. ಪುಸ್ತಕ ಪೂರ್ತಿ ಓದಿಲ್ಲವೆಂದು ಅವನನ್ನು ಗದರಿಸಿ ಕೂರಿಸಿದೆ. ಮನೆಗೆ ಹೋಗಿ ನೋಡಿದರೆ ಅವನು ಓದಿದ್ದೂ ಸರಿ, ನಾನು ಓದಿದ್ದೂ ಸರಿ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಮೂರು ಸಂಪುಟಗಳಲ್ಲಿ ಬಂದ ಮುದ್ರಣದಲ್ಲಿ ಅವಳು ಅತ್ತೆಯ ಮಗಳು. 1831ರ ಪರಿಷ್ಕೃತ ಮುದ್ರಣದಲ್ಲಿ ಶೆಲ್ಲಿ ಅವಳನ್ನು ಇಟಲಿಯ ಒಂದು ಬಡ ಕುಟುಂಬದಲ್ಲಿ ಬೆಳೆಯುತ್ತಿದ್ದ ಅನಾಥೆಯನ್ನಾಗಿ ಮಾಡಿದಳು. ಎರಡೂ ಅಂತರಜಾಲದಲ್ಲಿವೆ, ಎರಡಕ್ಕೂ ಒಂದೇ ಹೆಸರು. ಗುರುತಿಸುವ ಉಪಾಯ ಸುಲಭ. ಅಧ್ಯಾಯಗಳ ಎಣಿಕೆ ಸಂಪುಟ ಬದಲಾದಂತೆ ಮತ್ತೆ ಒಂದರಿಂದ ಶುರುವಾದರೆ 1818. ಒಂದೇ ಓಟದಲ್ಲಿ 24ರವರೆಗೆ ಹೋದರೆ 1831. ಜಿನೀವಾ ಸರೋವರದ ಬಳಿ ದೆವ್ವದ ಕಥೆ ಬರೆಯುವ ಪಂದ್ಯ ಕಟ್ಟಿದ ನೆನಪನ್ನು ಶೆಲ್ಲಿ ಹೇಳುವ ಮುನ್ನುಡಿ ಇದ್ದರೂ ಅದು 1831ರದೇ. ಮಾರನೆಯ ದಿನ ತರಗತಿಯಲ್ಲಿ ಆ ಹುಡುಗನಿಗೆ ತಪ್ಪೊಪ್ಪಿಕೊಂಡೆ.

ಶೇಕ್ಸ್‌ಪಿಯರನ ವಿಷಯದಲ್ಲಿ ಈ ಗೊಂದಲ ಇನ್ನೂ ಹಳೆಯದು. ಎಂಐಟಿಯ ತಾಣದಲ್ಲಿ 1993ರಿಂದ ಸಿಗುತ್ತಿರುವ ನಾಟಕಗಳು ‘ಮೋಬಿ’ ಎಂಬ ಕಡತದಿಂದ ಬಂದವು. ಅದರ ಹಿಂದಿರುವುದು 1864ರ ಗ್ಲೋಬ್ ಆವೃತ್ತಿ. ಅಂದರೆ ವಿಕ್ಟೋರಿಯನ್ ಸಂಪಾದಕರು ಕ್ವಾರ್ಟೋ ಮತ್ತು ಫೋಲಿಯೋ ಎಂಬ ಹಳೆಯ ಮುದ್ರಣಗಳನ್ನು ಬೆರೆಸಿ ಹೆಣೆದ ಪಾಠ. ‘ಕಿಂಗ್ ಲಿಯರ್’ನ 1608ರ ಕ್ವಾರ್ಟೋದಲ್ಲಿ ಇದ್ದ ಸುಮಾರು 300 ಸಾಲುಗಳು 1623ರ ಫೋಲಿಯೋದಲ್ಲಿಲ್ಲ, ಫೋಲಿಯೋದ ಸುಮಾರು 100 ಸಾಲು ಕ್ವಾರ್ಟೋದಲ್ಲಿಲ್ಲ. ಹುಚ್ಚು ಹಿಡಿದ ಲಿಯರ್ ಬಿರುಗಾಳಿಯ ರಾತ್ರಿ ತನ್ನ ಹೆಣ್ಣುಮಕ್ಕಳ ಮೇಲೆ ಸುಳ್ಳು ವಿಚಾರಣೆ ನಡೆಸುವ ಭಾಗ ಇರುವುದು ಕ್ವಾರ್ಟೋದಲ್ಲಿ ಮಾತ್ರ. ನಾಟಕದ ಕೊನೆಯ ಮಾತು ಆಡುವವನು ಕ್ವಾರ್ಟೋದಲ್ಲಿ ಆಲ್ಬನಿ, ಫೋಲಿಯೋದಲ್ಲಿ ಎಡ್ಗರ್. ಮಾತು ಹೆಚ್ಚುಕಡಿಮೆ ಅದೇ, ಹೆಸರು ಬೇರೆ. ಆ ರಾಜ್ಯವನ್ನು ಇನ್ನು ಯಾರು ಆಳುತ್ತಾರೆ ಎಂಬ ಪ್ರಶ್ನೆ ಆ ಒಂದು ಹೆಸರಿಗೆ ಜೋತುಬಿದ್ದಿದೆ. ವಾಷಿಂಗ್ಟನ್ನಿನ ಫೋಲ್ಜರ್ ಗ್ರಂಥಾಲಯ ಪುಕ್ಕಟೆಯಾಗಿ ಕೊಡುವ ಆವೃತ್ತಿಯಲ್ಲಿ ಯಾವ ಮಾತು ಎಲ್ಲಿಂದ ಬಂತೆಂದು ಬೇರೆಬೇರೆ ಆವರಣಚಿಹ್ನೆಗಳಿಂದ ಗುರುತಿಸಿದ್ದಾರೆ. ಓದುವಾಗ ಅವು ಕಣ್ಣಿಗೆ ಚುಚ್ಚುತ್ತವೆಂದು ಹುಡುಗರು ಗೊಣಗುತ್ತಾರೆ. ಚುಚ್ಚಲಿ ಎಂದೇ ಇಟ್ಟದ್ದು.

ಅನುವಾದದ ಮೂಲಕ ಓದುವ ವಿಶ್ವಸಾಹಿತ್ಯದಲ್ಲಿ ಕಾಲದ ಕಟ್ಟು ಇನ್ನೂ ಬಿಗಿ. ಭಾರತದಲ್ಲಿ ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ಮೇಲೆ 60 ವರ್ಷ ನಿಲ್ಲುತ್ತದೆ. ಮೊದಲು 50 ಇತ್ತು. ಟ್ಯಾಗೋರರ ಕೃತಿಗಳ ಅವಧಿ 1991ರ ಕೊನೆಗೆ ಮುಗಿಯುವುದರಲ್ಲಿತ್ತು, ಆಗ ಕಾನೂನು ತಿದ್ದಿ ಹತ್ತು ವರ್ಷ ಸೇರಿಸಿದರು. ಬ್ರಿಟನ್ನಿನಲ್ಲಿ ಅದು 70 ವರ್ಷ. ಅಮೆರಿಕದಲ್ಲಿ ಹಳೆಯ ಪುಸ್ತಕಗಳಿಗೆ, ಹಕ್ಕನ್ನು ಸರಿಯಾಗಿ ನವೀಕರಿಸಿದ್ದರೆ, ಅಚ್ಚಾದ ವರ್ಷದ ಕೊನೆಯಿಂದ 95 ವರ್ಷ. ಹೀಗಾಗಿ 1950ರಲ್ಲಿ ತೀರಿಕೊಂಡ ಆರ್ವೆಲ್ ನಮ್ಮಲ್ಲಿ 2011ರಿಂದ ಮುಕ್ತ, ಅವನ ‘1984’ ಅಮೆರಿಕದಲ್ಲಿ 2044ರ ಕೊನೆಯವರೆಗೂ ಅಲ್ಲ. ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸುವುದಿಲ್ಲ. ದಾಸ್ತೋವ್‌ಸ್ಕಿ ಎಂದು ಹುಡುಕಿದರೆ ಮೊದಲು ಸಿಗುವುದು ಕಾನ್‌ಸ್ಟನ್ಸ್ ಗಾರ್ನೆಟ್‌ರ ಇಂಗ್ಲಿಷು: ‘ಕರಮಜೋವ್ ಸೋದರರು’ 1912, ‘ಅಪರಾಧ ಮತ್ತು ಶಿಕ್ಷೆ’ 1914. ಆ ಅನುವಾದಗಳ ಋಣ ದೊಡ್ಡದು. ಆದರೆ ಮೂಲದ ಒಬ್ಬೊಬ್ಬ ಪಾತ್ರದ ಒರಟು, ತೊದಲು, ಅರಚಾಟ ಅವರ ಕೈಯಲ್ಲಿ ಒಂದೇ ಹದದ ಸುಸಂಸ್ಕೃತ ಇಂಗ್ಲಿಷಾಗುತ್ತದೆಂಬ ಆಕ್ಷೇಪವೂ ಅಷ್ಟೇ ಹಳೆಯದು. ಅದನ್ನು ಓದಿ ‘ದಾಸ್ತೋವ್‌ಸ್ಕಿಯ ಶೈಲಿಯ ಸಮತೋಲನ’ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನು ತಿದ್ದಿದ್ದೇನೆ. ಕಾಫ್ಕಾನ ‘ಮೆಟಮಾರ್ಫಸಿಸ್’ನದು ತಿರುವುಮುರುವು. ಗುಟೆನ್‌ಬರ್ಗ್‌ನಲ್ಲಿರುವುದು ಡೇವಿಡ್ ವೈಲಿ 2002ರಲ್ಲಿ ಮಾಡಿ ಧಾರಾಳವಾಗಿ ಬಿಟ್ಟುಕೊಟ್ಟ ಅನುವಾದ. ಗ್ರೆಗರ್ ಸಾಮ್ಸಾ ಏನಾಗಿ ಎದ್ದ ಎಂಬುದಕ್ಕೆ ಕಾಫ್ಕಾ ಬಳಸಿದ ‘ಉನ್‌ಗೆತ್ಸೀಫರ್’ ಯಾವ ಒಂದು ಹುಳುವಿನ ಹೆಸರೂ ಅಲ್ಲ, ಮನೆಯಿಂದ ಗುಡಿಸಿ ಹಾಕಬೇಕಾದ ಪೀಡೆ ಎನ್ನುವಂಥ ಮಾತು. ಜಿರಳೆಯ ಸಾಂಕೇತಿಕತೆ ಕುರಿತು ಹತ್ತು ಪುಟ ಬರೆಯುವ ಮೊದಲು ಅನುವಾದಕನ ಹೆಸರು ನೋಡಿಕೊಂಡರೆ ಒಳ್ಳೆಯದು.

ಪದ ಹುಡುಕಿ ಎಣಿಸುವವರಿಗೆ ಬೇರೊಂದು ಹೊಂಡ ಕಾದಿದೆ. ಹದಿನೆಂಟನೆಯ ಶತಮಾನದ ಅಚ್ಚಿನಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರಕ್ಕೆ ಉದ್ದನೆಯ ಇನ್ನೊಂದು ರೂಪವಿತ್ತು, ನೋಡಲು ಥೇಟು ‘ಎಫ್’. ಯಂತ್ರ ಓದಿದ ಪಾಠದಲ್ಲಿ ‘ಸೇಮ್’ ಎಂಬುದು ‘ಫೇಮ್’ ಆಗಿ, ‘ಸಿನ್’ ‘ಫಿನ್’ ಆಗಿ ಕುಳಿತಿರುತ್ತದೆ. ಆ ಕಾಲದ ಜನ ಕೀರ್ತಿಯ ಬಗ್ಗೆ ಎಷ್ಟು ಮಾತಾಡಿದರೆಂದು ಹೀಗೆ ಎಣಿಸಿದರೆ ಗತಿಯೇನು! ಇದಕ್ಕೆ ಎದುರಾಗಿ, 1700ಕ್ಕೆ ಮೊದಲಿನ ಇಂಗ್ಲಿಷ್ ಪುಸ್ತಕಗಳನ್ನು ಕೈಯಿಂದಲೇ ಟೈಪು ಮಾಡಿದ ‘ಇಇಬಿಒ–ಟಿಸಿಪಿ’ ಸಂಗ್ರಹವಿದೆ. ಮೊದಲ ಕಂತಿನ ಸುಮಾರು 25,000 ಪಾಠಗಳು 2015ರ ಜನವರಿ 1ರಂದು, ಉಳಿದವು 2020ರಲ್ಲಿ ಎಲ್ಲರಿಗೂ ಮುಕ್ತವಾದವು. ಓದಲಾಗದ ಅಕ್ಷರವಿದ್ದಲ್ಲಿ ಊಹಿಸದೆ ಚುಕ್ಕಿ ಇಟ್ಟು ಬಿಟ್ಟಿದ್ದಾರೆ. ಓಲೆಗರಿ ನಕಲಿಸಿದವರಿಗೆ ಈ ಮರ್ಯಾದೆ ಹೊಸದಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ಅಕ್ಷರಪಾಠವನ್ನು ಓದಲು ಇಟ್ಟುಕೊಳ್ಳಿ, ಉದ್ಧರಿಸುವ ಮುಂಚೆ ಇಂಟರ್ನೆಟ್ ಆರ್ಕೈವಿಗೋ ಹಾಥಿಟ್ರಸ್ಟಿಗೋ ಹೋಗಿ ಆ ಪುಟದ ಚಿತ್ರ ನೋಡಿ, ಶೀರ್ಷಿಕೆಪುಟದ ವರ್ಷ ಬರೆದುಕೊಳ್ಳಿ. ಆ ಪುಟವನ್ನು ನಿಮ್ಮಲ್ಲೇ ಇಳಿಸಿಟ್ಟುಕೊಳ್ಳಿ ಕೂಡ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾದಾಗ ಅದರ ಡಿಜಿಟಲ್ ಸಂಗ್ರಹಗಳು ತಿಂಗಳುಗಟ್ಟಲೆ ಕಾಣದಾದವು. ಅದನ್ನೇ ನೆಚ್ಚಿ ಬರೆದ ಅಡಿಟಿಪ್ಪಣಿಗಳು ಖಾಲಿ ಪರದೆಗೆ ಬೆರಳು ತೋರುತ್ತ ನಿಂತವು.

ಕನ್ನಡದ ಕೆಲಸಕ್ಕೂ ಇದು ಬೇಕು. ಬಿ. ಎಂ. ಶ್ರೀಯವರ ‘ಇಂಗ್ಲಿಷ್ ಗೀತಗಳು’ 1926ರದು. ಅದರ ‘ಕಾರಿಹೆಗ್ಗಡೆಯ ಮಗಳು’ ಥಾಮಸ್ ಕ್ಯಾಂಬೆಲ್‌ನ ‘ಲಾರ್ಡ್ ಅಲಿನ್ಸ್ ಡಾಟರ್’ ಎಂಬುದು ಎಲ್ಲರಿಗೂ ಗೊತ್ತು. ಕ್ಯಾಂಬೆಲ್‌ನ ಆ ಪದ್ಯವೂ, ಶ್ರೀಯವರು ಕನ್ನಡಿಸಿದ ಬೇರೆ ಹಲವು ಪದ್ಯಗಳೂ ಪಾಲ್‌ಗ್ರೇವ್‌ನ ‘ಗೋಲ್ಡನ್ ಟ್ರೆಷರಿ’ಯಲ್ಲಿವೆ. ಆ ಪಾಲ್‌ಗ್ರೇವ್ ಮುನ್ನುಡಿಯಲ್ಲೇ ಕೆಲವು ಪದ್ಯಗಳಿಂದ ಚರಣಗಳನ್ನು ಕೈಬಿಟ್ಟಿದ್ದೇನೆ ಎಂದು ಒಪ್ಪಿಕೊಂಡಿದ್ದಾನೆ. ಸಂಕಲನ 1861ರಲ್ಲಿ ಬಂತು, 1891ರಲ್ಲಿ ಅವನೇ ಹಿಗ್ಗಿಸಿದ, 1897ರಲ್ಲಿ ಅವನು ತೀರಿಕೊಂಡ ಮೇಲೆ ಬೇರೆಯವರು ಹೊಸ ಪದ್ಯ ಸೇರಿಸಿದರು. ಶ್ರೀಯವರು ಇಲ್ಲಿ ಒಂದು ಚರಣ ಬಿಟ್ಟರು, ಅಲ್ಲಿ ಒಂದು ಭಾವ ತಿರುಗಿಸಿದರು ಎಂದು ಬರೆಯುವವರು ಕವಿಯ ಸಮಗ್ರ ಸಂಪುಟವನ್ನು ಮಾತ್ರ ಎದುರಿಗಿಟ್ಟುಕೊಂಡರೆ ಪಾಲ್‌ಗ್ರೇವ್‌ನ ಕತ್ತರಿಯನ್ನು ಶ್ರೀಯವರ ಕೈಗೆ ಕೊಟ್ಟಂತಾದೀತು. ಆ ಹಳೆಯ ಸಂಕಲನಗಳ ಪುಟಗಳು ಈಗ ಮನೆಯಲ್ಲಿ ಕೂತೇ ಸಿಗುತ್ತವೆ. ಸೋಮಾರಿತನಕ್ಕೆ ನೆಪವಿಲ್ಲ.

ಇನ್ನು ಡಿಕಿನ್ಸನ್ ಅಧ್ಯಾಯದ ಕಥೆ. ವೈವಾದಲ್ಲಿ ಆ ವಿದ್ಯಾರ್ಥಿನಿಗೆ ಎಮಿಲಿ ಡಿಕಿನ್ಸನ್ ಆರ್ಕೈವ್ ತೋರಿಸಿದೆ. 2013ರಲ್ಲಿ ತೆರೆದ ಈ ತಾಣದಲ್ಲಿ ಹಾರ್ವರ್ಡ್, ಆಮ್‌ಹರ್ಸ್ಟ್ ಮೊದಲಾದ ಕಡೆ ಹಂಚಿಹೋಗಿರುವ ಹಸ್ತಪ್ರತಿಗಳ ಚಿತ್ರಗಳು ಒಂದೆಡೆ ಸೇರಿವೆ. ಗೆರೆಗಳು ಅಲ್ಲಿ ಗೆರೆಗಳಂತೆ ಒಂದೇ ಸಮವಿಲ್ಲ. ಒಂದು ಮೇಲಕ್ಕೆ ಓರೆ, ಒಂದು ಕೆಳಕ್ಕೆ, ಒಂದು ಬರೀ ಚುಕ್ಕೆಯಷ್ಟು. ಕೆಲವು ಪದ್ಯಗಳಲ್ಲಿ ಪದದ ಪಕ್ಕ ಸಣ್ಣ ಕೂಡುಚಿಹ್ನೆ ಹಾಕಿ, ಪುಟದ ಅಡಿಯಲ್ಲಿ ಬದಲಿ ಪದಗಳನ್ನು ಬರೆದಿದ್ದಾಳೆ, ಯಾವುದನ್ನೂ ಹೊಡೆದು ಹಾಕದೆ. ಹುಡುಗಿ ಬಹಳ ಹೊತ್ತು ಪರದೆ ಸರಿಸುತ್ತ ಕೂತಳು. ಅಧ್ಯಾಯ ಪೂರ್ತಿ ಹೊಸದಾಗಿ ಬರೆದುಕೊಂಡು ಬರುತ್ತಾಳೆಂದು ನಾನು ಎಣಿಸಿದ್ದೆ. ತಿಂಗಳ ನಂತರ ತಂದಾಗ ಅಲ್ಪವಿರಾಮಗಳ ವಿಶ್ಲೇಷಣೆ ಹೆಚ್ಚುಕಡಿಮೆ ಹಾಗೇ ಇತ್ತು. ಶೀರ್ಷಿಕೆಯಲ್ಲಿ ಡಿಕಿನ್ಸನ್ ಹೆಸರಿದ್ದ ಜಾಗದಲ್ಲಿ ಟಾಡ್ ಮತ್ತು ಹಿಗಿನ್‌ಸನ್ ಇದ್ದರು. “ಆ ಸಂಯಮ ಅವರದು ತಾನೇ ಸರ್, 1890ರವರು ಓದಿದ್ದೂ ಅದನ್ನೇ” ಎಂದಳು. ಅಡಿಟಿಪ್ಪಣಿಯಲ್ಲಿ ಬಿಟ್ಟುಹೋದ ನಾಲ್ಕನೆಯ ಚರಣದ ಲೆಕ್ಕವೂ ಇತ್ತು.