ಮಿತಾಕ್ಷರೆಯೂ ಉಲ್ಲೇಖಗಣನೆಯೂ

ಒಬ್ಬ ವಿದ್ವಾಂಸನ ಯೋಗ್ಯತೆಯನ್ನು ಆತನು ಬರೆದುದರ ಪ್ರಮಾಣದಿಂದ ಅಳೆಯಬೇಕೋ, ಅನಂತರದವರು ಆತನ ಮಾತನ್ನು ಎಷ್ಟು ಸಲ ಉಲ್ಲೇಖಿಸಿದರೆಂಬುದರಿಂದ ಅಳೆಯಬೇಕೋ ಎಂಬ ಪ್ರಶ್ನೆಯು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಪ್ರಬಲವಾಗಿದೆ. ಅಧ್ಯಾಪಕರ ನೇಮಕವೂ ಬಡ್ತಿಯೂ ಅನೇಕ ಕಡೆ ಈ ಎಣಿಕೆಯನ್ನು ಅವಲಂಬಿಸುತ್ತಿರುವುದರಿಂದ ಇದು ಕುತೂಹಲಮಾತ್ರದ ವಿಷಯವಲ್ಲ. ಬೆಂಗಳೂರಿನಲ್ಲಿ ಕೆಲಸಮಾಡಿದ ಒಬ್ಬ ಆಧುನಿಕ ವಿಜ್ಞಾನಿಯನ್ನೂ, ವಾಡಿ-ಶಹಾಬಾದುಗಳ ಸೀಮೆಯವರು ತಮ್ಮವನೆಂದು ಗೌರವಿಸುವ ಒಬ್ಬ ಪ್ರಾಚೀನ ಶಾಸ್ತ್ರಕಾರನನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಯು ಕಿಂಚಿತ್ ಸ್ಪಷ್ಟವಾಗಬಹುದೆಂದು ನನಗೆ ತೋರುತ್ತದೆ.

ಮೊದಲು ಎಣಿಕೆಯ ಇತಿಹಾಸವನ್ನು ನೋಡೋಣ. ಇದರ ಮೂಲವಿರುವುದು ವ್ಯವಹಾರಶಾಸ್ತ್ರದಲ್ಲಿ. ಒಂದು ನ್ಯಾಯನಿರ್ಣಯವನ್ನು ಮುಂದಿನ ಯಾವ ಯಾವ ನಿರ್ಣಯಗಳು ಎತ್ತಿಹೇಳಿವೆಯೆಂದು ತೋರಿಸುವ ಸೂಚಿಯನ್ನು ೧೮೭೩ರಲ್ಲಿ ಅಮೆರಿಕದ ಫ್ರಾಂಕ್ ಶೆಪರ್ಡ್ ಎಂಬುವರು ವಕೀಲರಿಗಾಗಿ ಆರಂಭಿಸಿದರು. ಅದರ ಮಾದರಿಯನ್ನು ಹಿಡಿದು ಯೂಜೀನ್ ಗಾರ್‌ಫೀಲ್ಡ್ ಎಂಬುವರು ವಿಜ್ಞಾನಕ್ಕೂ ಅಂಥ ಸೂಚಿಯೊಂದು ಬೇಕೆಂದು ೧೯೫೫ರಲ್ಲಿ ವಾದಿಸಿ, ೧೯೬೪ರಲ್ಲಿ ಅದನ್ನು ಪ್ರಕಟಿಸಿದರು. ಲೇಖನಗಳನ್ನು ಹುಡುಕುವುದಕ್ಕೆಂದು ಹುಟ್ಟಿದ ಈ ಸಾಧನವು ಬರಬರುತ್ತ ಲೇಖಕರನ್ನು ತೂಗುವ ತಕ್ಕಡಿಯಾಯಿತು. ೨೦೦೫ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಗಳು ಕೃತಿಸಂಖ್ಯೆ, ಉಲ್ಲೇಖಸಂಖ್ಯೆಗಳೆರಡನ್ನೂ ಕೂಡಿಸಿ ಒಂದು ಅಂಕವನ್ನು ಸೂಚಿಸಿದರು. ತಲಾ ೨೦ ಸಲವಾದರೂ ಉಲ್ಲೇಖಗೊಂಡ ೨೦ ಲೇಖನಗಳಿದ್ದವರಿಗೆ ೨೦ರ ಅಂಕ ಎಂಬುದು ಅದರ ಕ್ರಮ.

ಪ್ರಕೃತ ವಿಜ್ಞಾನಿಗಳು ಜಿ. ಎನ್. ರಾಮಚಂದ್ರನ್ (೧೯೨೨–೨೦೦೧). ಇವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದು, ಮದರಾಸಿನಲ್ಲಿ ಪ್ರಾಧ್ಯಾಪಕರಾಗಿ, ೧೯೭೦ರ ದಶಕದಲ್ಲಿ ಮರಳಿ ಅದೇ ಸಂಸ್ಥೆಯಲ್ಲಿ ಆಣವಿಕ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಮದರಾಸಿನಲ್ಲಿದ್ದಾಗ ೧೯೬೩ರಲ್ಲಿ ರಾಮಕೃಷ್ಣನ್, ಶಶಿಶೇಖರನ್ ಎಂಬುವರೊಡನೆ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯಲ್ಲಿ ಅವರು ಪ್ರಕಟಿಸಿದ ಲೇಖನವು ೫ ಪುಟಗಳಷ್ಟು ಮಾತ್ರದ್ದು. ಪ್ರೋಟೀನಿನ ಸರಪಳಿಯು ತನ್ನ ಕೊಂಡಿಗಳ ಬಳಿ ಎರಡು ಕೋನಗಳಲ್ಲಿ ತಿರುಗಬಲ್ಲದು. ಪರಮಾಣುಗಳು ಒಂದನ್ನೊಂದು ಒತ್ತದಂತೆ ಯಾವ ಕೋನಗಳು ಸಾಧ್ಯ, ಯಾವುವು ಅಸಾಧ್ಯ ಎಂಬುದನ್ನು ಅವರು ಒಂದು ನಕ್ಷೆಯಿಂದ ನಿರೂಪಿಸಿದರು. ಇಂದು ಜಗತ್ತಿನ ಪ್ರೋಟೀನ್ ಭಂಡಾರಕ್ಕೆ ಸೇರುವ ರಚನೆಗಳನ್ನು ‘ರಾಮಚಂದ್ರನ್ ನಕ್ಷೆ’ಗೆ ಒಡ್ಡಿ ಪರೀಕ್ಷಿಸುತ್ತಾರೆ. ಆದರೆ ನಕ್ಷೆಯನ್ನು ಬಳಸುವವರೆಲ್ಲರೂ ಮೂಲಲೇಖನವನ್ನು ಉಲ್ಲೇಖಿಸುವುದಿಲ್ಲ. ಹೆಸರೇ ಉಪಕರಣವಾದ ಮೇಲೆ ಮೂಲವನ್ನು ತೋರಿಸುವ ಅಗತ್ಯವು ಕಾಣಿಸದು; ಎಣಿಕೆಗೆ ಸಿಕ್ಕುವುದು ಪ್ರಭಾವದ ಒಂದಂಶವಷ್ಟೆ.

ಇನ್ನೊಂದು ನಿದರ್ಶನವನ್ನು ಕೊಡಬಹುದು. ೨೦೧೪ರಲ್ಲಿ ‘ನೇಚರ್’ ಪತ್ರಿಕೆಯು ಅತ್ಯಧಿಕವಾಗಿ ಉಲ್ಲೇಖಗೊಂಡ ೧೦೦ ಲೇಖನಗಳನ್ನು ಗುರುತಿಸಿತು. ಅಗ್ರಸ್ಥಾನವು ಪ್ರೋಟೀನನ್ನು ಅಳೆಯುವ ವಿಧಾನವೊಂದನ್ನು ವಿವರಿಸುವ, ಲೌರಿ ಮೊದಲಾದವರ ೧೯೫೧ರ ಲೇಖನಕ್ಕೆ ಸಂದಿತು. ಅದರ ಉಲ್ಲೇಖಗಳು ೩ ಲಕ್ಷಕ್ಕೂ ಮಿಗಿಲು. ಡಿ.ಎನ್.ಎ.ಯ ಜೋಡಿಸುರುಳಿಯನ್ನು ತಿಳಿಸಿದ ವಾಟ್ಸನ್-ಕ್ರಿಕ್ಕರ ೧೯೫೩ರ ಲೇಖನವು ಆ ನೂರರೊಳಗೆ ಸೇರಲೇ ಇಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಶಹಾಬಾದಿನ ಸಮೀಪದ ಮರತೂರು ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿದೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಆತನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ವ್ಯಾಖ್ಯಾನದ ಹೆಸರು ‘ಮಿತಾಕ್ಷರಾ’. ಅರ್ಥಾತ್ ಮಿತವಾದ ಅಕ್ಷರಗಳುಳ್ಳದ್ದು. ಆತನ ಕೀರ್ತಿಗೆಲ್ಲ ಈ ಒಂದು ಗ್ರಂಥವೇ ಆಧಾರ. ಹಿರ್ಷರ ಲೆಕ್ಕವನ್ನು ಹಿಡಿದರೆ ಒಂದೇ ಕೃತಿಯವನ ಅಂಕವು ಎಂದಿಗೂ ಒಂದನ್ನು ಮೀರಲಾರದು! ಆದರೆ ಪೂರ್ವಾಚಾರ್ಯರ ಮತವನ್ನು ಎತ್ತಿಹೇಳಿ ಟೀಕೆಯ ಮೇಲೆ ಟೀಕೆ ಬರೆಯುವುದೇ ನಮ್ಮ ಶಾಸ್ತ್ರಗಳ ಉಲ್ಲೇಖಪದ್ಧತಿ. ವಿಶ್ವೇಶ್ವರಭಟ್ಟನ ಸುಬೋಧಿನಿಯೂ ಬಾಲಂಭಟ್ಟಿಯೂ ಮಿತಾಕ್ಷರೆಯ ಮೇಲೆಯೇ ಬೆಳೆದುವು. ೧೮೧೦ರಲ್ಲಿ ಕೋಲ್‌ಬ್ರೂಕ್ ಸಾಹೇಬರು ಅದರ ದಾಯವಿಭಾಗ ಪ್ರಕರಣವನ್ನು ಆಂಗ್ಲಭಾಷೆಗೆ ತಂದ ಬಳಿಕ, ದಾಯಭಾಗವು ನಡೆಯುತ್ತಿದ್ದ ಬಂಗಾಳವೇ ಮೊದಲಾದ ಪ್ರಾಂತಗಳನ್ನುಳಿದು ದೇಶದ ಬಹುಭಾಗದ ನ್ಯಾಯಾಲಯಗಳಲ್ಲಿ ಅದು ಪ್ರಮಾಣವಾಯಿತು. ಕಡೆಗೆ ಗ್ರಂಥನಾಮವೇ ಪಾರಿಭಾಷಿಕ ಶಬ್ದವಾಗಿ ೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದಲ್ಲಿಯೂ, ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮಸಿದ್ಧ ಹಕ್ಕನ್ನು ಕೊಟ್ಟ ೨೦೦೫ರ ತಿದ್ದುಪಡಿಯಲ್ಲಿಯೂ ನೆಲೆಗೊಂಡಿತು. ಅಲ್ಲಿ ಗ್ರಂಥದ ಹೆಸರಿದೆ, ಗ್ರಂಥಕಾರನ ಹೆಸರಿಲ್ಲ.

ವಿಷಯದಲ್ಲಿಯೂ ಈ ಈರ್ವರಿಗೆ ದೂರದ ನಂಟುಂಟು. ‘ಸಪಿಂಡ’ ಎಂಬಲ್ಲಿ ಜೀಮೂತವಾಹನನು ಶ್ರಾದ್ಧಪಿಂಡವೆಂಬ ಅರ್ಥವನ್ನು ಹಿಡಿದರೆ, ವಿಜ್ಞಾನೇಶ್ವರನು ದೇಹವೆಂಬ ಅರ್ಥವನ್ನು ಹಿಡಿದು, ತಂದೆತಾಯಿಗಳ ಶರೀರಾವಯವಗಳು ಸಂತಾನದಲ್ಲಿ ಅನುವರ್ತಿಸುವುದರಿಂದ ಸಾಪಿಂಡ್ಯವುಂಟಾಗುವುದೆಂದನು. ಇದರಿಂದ ಆತನಿಗೆ ಆಣವಿಕ ಜೀವವಿಜ್ಞಾನವು ತಿಳಿದಿತ್ತೆಂದು ಸಾಧಿಸಹೊರಡುವುದು ಅವಿವೇಕ. ವಂಶಸಂಬಂಧಕ್ಕೆ ದೇಹದಲ್ಲಿಯೇ ಕಾರಣವನ್ನು ಅರಸಿದ ಯುಕ್ತಿವಂತನೆಂದು ಹೇಳಿದರೆ ಸಾಕು.

ಉಲ್ಲೇಖಗಣನೆಯು ನಿಷ್ಪ್ರಯೋಜಕವೆಂದು ನನ್ನ ಅಭಿಪ್ರಾಯವಲ್ಲ. ಯಾರು ಯಾರನ್ನು ಓದಿದರೆಂಬ ದಾರಿಯನ್ನು ಅದು ತೋರುತ್ತದೆ. ಶೆಪರ್ಡರೂ ಗಾರ್‌ಫೀಲ್ಡರೂ ಉದ್ದೇಶಿಸಿದುದು ಅದನ್ನೇ. ಆದರೆ ವಿದ್ವತ್ತಿನಲ್ಲಿ ಸಣ್ಣ ಋಣವನ್ನು ಹೆಸರು ಹೇಳಿ ತೀರಿಸುವ ನಾವು ದೊಡ್ಡ ಋಣವನ್ನು ನಿತ್ಯವ್ಯವಹಾರದಲ್ಲಿ ಬೆರೆಸಿ ಮರೆಯುತ್ತೇವೆ. ಆದಕಾರಣ ತರುಣ ಸಂಶೋಧಕನೊಬ್ಬನ ಪ್ರಕಟನೆಗಳ ಪಟ್ಟಿಯು ನಮ್ಮ ಮುಂದೆ ಬಂದಾಗ ಅಂಕವನ್ನು ನೋಡಿದೊಡನೆ ತೀರ್ಪು ಕೊಡದೆ, ಆತನ ಒಂದು ಲೇಖನವನ್ನಾದರೂ ಬಿಚ್ಚಿ ಆದ್ಯಂತವಾಗಿ ಓದುವುದು ಪರೀಕ್ಷಕರಾದವರ ಕರ್ತವ್ಯವೆಂದು ವಿದ್ವಜ್ಜನರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.