ಗುಜರಾತಿನ ಸೆಕೆಯಲ್ಲಿ ಕೂಸಿನ ನಿದ್ದೆ

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬಾಣಂತನ ಮಾಡಲು ಊರಿನಿಂದ ಅಜ್ಜಿ ಬಂದರೆ, ಜೊತೆಗೆ ಕುಲಾವಿ, ಕಾಲುಚೀಲ, ಸಾಂಬ್ರಾಣಿಯೂ ಬರುತ್ತವೆ. ಮಲೆನಾಡಿನ ಮಳೆಗಾಲಕ್ಕೆ ಹೊಂದುವ ಈ ಆರೈಕೆ ಅಹಮದಾಬಾದಿನ ಮೇ ತಿಂಗಳಿಗೆ ಹೊಂದುವುದಿಲ್ಲ. ಮಗು ರಾತ್ರಿಯೆಲ್ಲ ಚಡಪಡಿಸಿ ಅಳುತ್ತಿದ್ದರೆ, ದೃಷ್ಟಿಯಾಯಿತೇ ಎಂದು ಯೋಚಿಸುವ ಮೊದಲು ಅದರ ಕುತ್ತಿಗೆಯ ಹಿಂಭಾಗ ಮತ್ತು ಎದೆಯನ್ನು ಮುಟ್ಟಿ ನೋಡಿ. ಬಿಸಿಯಾಗಿ, ಬೆವರಿನಿಂದ ಒದ್ದೆಯಾಗಿದ್ದರೆ ಮಗುವಿಗೆ ಸೆಕೆಯಾಗಿದೆ ಎಂದರ್ಥ. ಅಂಗೈ, ಅಂಗಾಲು ತಣ್ಣಗಿರುವುದು ಎಳೆಗೂಸಿನಲ್ಲಿ ಸಾಮಾನ್ಯ. ಅದನ್ನು ನೋಡಿ ಇನ್ನೊಂದು ಬಟ್ಟೆ ಹೊದಿಸಬೇಡಿ.

ಸೆಕೆ ಏಕೆ ಇಷ್ಟು ಮುಖ್ಯ?

ಎಳೆ ಮಗುವಿಗೆ ದೇಹದ ಶಾಖವನ್ನು ತಾನೇ ಹತೋಟಿಯಲ್ಲಿಡುವ ಶಕ್ತಿ ಕಡಿಮೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ನಗರದ ಶಾರದಾಬೆನ್ ಆಸ್ಪತ್ರೆಯಲ್ಲಿ ಬಿಸಿಲಿನ ತಾಪಕ್ಕೆ ಸಿಕ್ಕ ನವಜಾತ ಶಿಶುಗಳನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಆಗ ಹೆರಿಗೆ ವಾರ್ಡು ಇದ್ದದ್ದು ಮೇಲಿನ ಮಹಡಿಯಲ್ಲಿ. ಅದನ್ನು ಕೆಳಗಿನ ಮಹಡಿಗೆ ಸ್ಥಳಾಂತರಿಸಿದ ನಂತರ ಇಂಥ ಪ್ರಕರಣಗಳು ಬಹಳ ಕಡಿಮೆಯಾದವು. ನಿಮ್ಮ ಮನೆ ತಾರಸಿಯ ಕೆಳಗೇ ಇದ್ದರೆ ಈ ಪಾಠ ನಿಮಗೂ ಅನ್ವಯಿಸುತ್ತದೆ. ಪಡುವಣ ಗೋಡೆಯ ಕೋಣೆ ಬಿಟ್ಟು, ಮನೆಯಲ್ಲಿ ತಂಪಾಗಿರುವ ಕೋಣೆಯಲ್ಲಿ ಮಲಗಿಸಿ. ತೆಳುವಾದ ಹತ್ತಿಯ ಒಂದು ಅಂಗಿ ಸಾಕು. ಮಲಗುವಾಗ ಕುಲಾವಿ ಬೇಡ. ಸಾಂಬ್ರಾಣಿ ಮತ್ತು ಸೊಳ್ಳೆಬತ್ತಿಯ ಹೊಗೆ ಉಸಿರಾಟಕ್ಕೆ ಹಾನಿಕರ, ಸೊಳ್ಳೆಪರದೆ ಒಳ್ಳೆಯದು.

ಕೂಲರ್ ಅಹಮದಾಬಾದಿನ ಒಣ ಬೇಸಿಗೆಯಲ್ಲಿ ಕೆಲಸ ಮಾಡುತ್ತದೆ. ಕಡಲಿಗೆ ಹತ್ತಿರದ ಸೂರತ್ತಿನಲ್ಲಿ ಗಾಳಿಯೇ ತೇವವಾಗಿರುವುದರಿಂದ ಅದು ಇನ್ನಷ್ಟು ಜಿಗುಟು ಮಾಡುತ್ತದೆ. ಅಲ್ಲಿ ಫ್ಯಾನ್ ಅಥವಾ ಎಸಿ ವಾಸಿ. ಎಸಿಯನ್ನು 25 ಡಿಗ್ರಿಯ ಆಸುಪಾಸಿನಲ್ಲಿಡಿ, ಗಾಳಿ ನೇರವಾಗಿ ಮಗುವಿಗೆ ಬೀಸದಿರಲಿ. ಆರು ತಿಂಗಳೊಳಗಿನ ಮಗುವಿಗೆ ಎಷ್ಟೇ ಸೆಕೆಯಿದ್ದರೂ ನೀರು ಕುಡಿಸಬೇಡಿ, ಹೆಚ್ಚು ಸಲ ಎದೆಹಾಲು ಕೊಡಿ.

ಘೋಡಿಯು ಬಳಸಬಹುದೇ?

ಗುಜರಾತಿ ನೆರೆಮನೆಯವರು ಪ್ರೀತಿಯಿಂದ ಕೊಡುವ ಘೋಡಿಯು ನಮ್ಮ ಜೋಲಿಯ ನೆಂಟ: ಚೌಕಟ್ಟಿಗೆ ಕಟ್ಟಿದ ಬಟ್ಟೆಯ ತೊಟ್ಟಿಲು, ಹಗ್ಗ ಎಳೆದು ತೂಗುವುದು. ಇದನ್ನು ಎಸೆಯಬೇಕಿಲ್ಲ, ಆದರೆ ರಾತ್ರಿಯಿಡೀ ಅದರಲ್ಲೇ ಮಲಗಿಸುವುದು ಸರಿಯಲ್ಲ. ಜೋಲುವ ಬಟ್ಟೆಯಲ್ಲಿ ಮಗುವಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗಬಹುದು. ಸೊಳ್ಳೆಗೆಂದು ಮೇಲೆ ಸೀರೆ ಹೊದಿಸಿದರೆ ಒಳಗೆ ಶಾಖ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಕಣ್ಣೆದುರಿಗೆ ಇರುವಾಗ ತೂಗಿ, ನಿದ್ದೆ ಹತ್ತಿದ ಮೇಲೆ ಗಟ್ಟಿಯಾದ ಸಮತಟ್ಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಒಂದು ವರ್ಷದವರೆಗೆ ದಿಂಬು ಬೇಡ, ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಮಗು ಮಗುಚಿಕೊಳ್ಳಲು ಆರಂಭಿಸಿದ ಮೇಲೆ ಘೋಡಿಯುವನ್ನು ನಿಲ್ಲಿಸಿ.

ತೂಗಿದರೇ ನಿದ್ದೆ ಎಂಬ ರೂಢಿಯಾದ ಮಗು ನಡುರಾತ್ರಿ ಎಚ್ಚರಾದಾಗಲೂ ತೂಗಲೆಂದೇ ಅಳುತ್ತದೆ. ನಾಲ್ಕು ತಿಂಗಳ ನಂತರ, ಕಣ್ಣು ಜೋಂಪು ಹತ್ತಿದಾಗಲೇ ಹಾಸಿಗೆಗೆ ಇಳಿಸಿ ಮೆಲ್ಲನೆ ತಟ್ಟುವುದನ್ನು ಅಭ್ಯಾಸ ಮಾಡಿ. ಕೆಲವು ರಾತ್ರಿ ಗಲಾಟೆ ಇದ್ದದ್ದೇ. ಅದಕ್ಕೂ ಚಿಕ್ಕ ಮಗು ಹಾಲಿಗಾಗಿ ಎರಡು ಮೂರು ಗಂಟೆಗೊಮ್ಮೆ ಏಳುವುದು ಸಹಜ. ಹಗಲು ರಾತ್ರಿಯ ವ್ಯತ್ಯಾಸ ತಿಳಿಯಲು ಅದಕ್ಕೆ ಸುಮಾರು ಮೂರು ತಿಂಗಳು ಬೇಕು. ಹಗಲಲ್ಲಿ ಬೆಳಕು, ಮಾತು. ರಾತ್ರಿ ಹಾಲು ಕೊಡುವಾಗ ಮಂದ ದೀಪ, ಮೌನ. ವಡೋದರಾದಲ್ಲಿ ನವರಾತ್ರಿಯ ಗರ್ಬಾ ಒಂಬತ್ತು ರಾತ್ರಿ ಈ ಕ್ರಮವನ್ನು ಕೆಡಿಸುತ್ತದೆ. ಕೂಸನ್ನು ಧ್ವನಿವರ್ಧಕದ ಹತ್ತಿರ ಒಯ್ಯಬೇಡಿ. ಹಬ್ಬ ಮುಗಿದ ಮೇಲೆ ಹಳೆಯ ವೇಳೆಗೇ ಮರಳಿ.

ನಿದ್ದೆಗೆ ಔಷಧಿ ಬೇಡವೇ ಬೇಡ

ಬಟ್ಟೆಗಿರಣಿಗಳ ಕಾಲದಲ್ಲಿ ಪಶ್ಚಿಮ ಭಾರತದಲ್ಲಿ ಕೆಲಸಕ್ಕೆ ಹೋಗುವ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಡುವ ರೂಢಿಯಿತ್ತು. ಅದರ ಜಾಗದಲ್ಲಿ ಇಂದು ನೆಗಡಿ, ಕೆಮ್ಮಿನ ಸಿರಪ್‌ ಬಂದಿದೆ. ವೈದ್ಯರು ಹೇಳದೆ ಒಂದು ಹನಿಯನ್ನೂ ಕೊಡಬೇಡಿ, ಉಸಿರಾಟವೇ ನಿಧಾನವಾಗಬಹುದು.

ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ, ಹಾಲು ಕುಡಿಯದಿದ್ದರೆ, ಮೂತ್ರ ಕಡಿಮೆಯಾದರೆ ಅದೇ ದಿನ, ರಾತ್ರಿಯಾದರೂ ಸರಿ, ಮಕ್ಕಳ ವೈದ್ಯರಿಗೆ ತೋರಿಸಿ. ಎಬ್ಬಿಸಿದರೂ ಏಳದ, ತುಟಿ ನೀಲಿಯಾದ ಅಥವಾ ಏದುಸಿರು ಬಿಡುವ ಮಗುವಿಗಾಗಿ ತಕ್ಷಣ 108ಕ್ಕೆ ಕರೆ ಮಾಡಿ; ಕರ್ನಾಟಕದಂತೆ ಗುಜರಾತಿನಲ್ಲೂ ಆಂಬುಲೆನ್ಸ್‌ಗೆ ಇದೇ ಸಂಖ್ಯೆ.